ತಂತಿ ಹೋಯಿತು, ತಂತಿಯ ಕೆಲಸ ಉಳಿಯಿತು



ನಿಮ್ಮಲ್ಲಿ ಹಲವರು ಈಗ ಮೊಬೈಲ್ ಫೋನಿಗೆ ಸ್ವತಃ ಆ್ಯಪ್ ಬರೆಯುತ್ತಿದ್ದೀರಿ. ಗಣಕಯಂತ್ರದಲ್ಲಿ ಆಂಡ್ರಾಯ್ಡ್ ಸ್ಟುಡಿಯೊ ಎಂಬ ತಂತ್ರಾಂಶವನ್ನು ತೆರೆದು, ಪ್ರೋಗ್ರಾಂ ಬರೆದು, ಅದನ್ನು ನಿಮ್ಮ ಫೋನಿಗೆ ಕಳುಹಿಸಿ ಓಡಿಸಿ ನೋಡುತ್ತೀರಿ. ಕಳುಹಿಸಲು ಎರಡು ದಾರಿಗಳಿವೆ: ಒಂದು ಯುಎಸ್‌ಬಿ ಕೇಬಲ್, ಇನ್ನೊಂದು ವೈಫೈ. ಕೇಬಲ್ ಚುಚ್ಚಿದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ. ಕೇಬಲ್ ತೆಗೆದರೆ, ಒಂದೇ ಮೇಜಿನ ಮೇಲೆ ಒಂದು ಗೇಣಿನ ಅಂತರದಲ್ಲಿರುವ ಫೋನು ಮತ್ತು ಲ್ಯಾಪ್‌ಟಾಪ್ ಒಂದನ್ನೊಂದು ಕಂಡೇ ಇಲ್ಲವೆಂಬಂತೆ ಕುಳಿತುಬಿಡುತ್ತವೆ. ಹೀಗೇಕಾಗುತ್ತದೆ? ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಹೇಳಲಾಗದ ಈ ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಕಳೆದ ವರ್ಷ ಒಂದು ರಾತ್ರಿ ಹತ್ತು ಗಂಟೆಗೆ ನನ್ನ ಅಕ್ಕನ ಮಗಳು ಹಾಸ್ಟೆಲಿನಿಂದ, ಗೆಳತಿಯ ಫೋನಿನಲ್ಲಿ, ಕರೆ ಮಾಡಿದಳು. ಮರುದಿನ ಬೆಳಿಗ್ಗೆ ಅವಳ ಬಿಸಿಎ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ. ಅವಳ ಫೋನಿನ ಚಾರ್ಜಿಂಗ್ ಕಿಂಡಿ ಸಡಿಲವಾಗಿ ಕೇಬಲ್ ನಿಲ್ಲುತ್ತಿರಲಿಲ್ಲ. ಫೋನನ್ನು ಲ್ಯಾಪ್‌ಟಾಪಿನಲ್ಲೇ ಅನುಕರಿಸುವ ಎಮ್ಯುಲೇಟರನ್ನು ನಡೆಸುವಷ್ಟು ಶಕ್ತಿ ಅವಳ ಹಳೆಯ ಲ್ಯಾಪ್‌ಟಾಪಿಗಿರಲಿಲ್ಲ. ಪರೀಕ್ಷಕರು "ಈ ಸಾಲನ್ನು ಬದಲಿಸಿ ಓಡಿಸಿ ತೋರಿಸಮ್ಮ" ಎಂದು ಕೇಳುವುದುಂಟು. ಆದ್ದರಿಂದ ಆ್ಯಪನ್ನು ಮೊದಲೇ ಫೋನಿಗೆ ಹಾಕಿಟ್ಟುಕೊಂಡರೂ ಸಾಲದು. ಅವಳಿಗೆ ಉಳಿದದ್ದು ವೈಫೈ ಒಂದೇ.

"ಮಾಮಾ, ಲ್ಯಾಪ್‌ಟಾಪಲ್ಲಿ ಫೋನೇ ಕಾಣಿಸ್ತಿಲ್ಲ. ಎರಡೂ ಒಂದೇ ವೈಫೈನಲ್ಲಿವೆ. ಮೂರು ಸಲ ಎಲ್ಲಾ ತೆಗೆದು ಮತ್ತೆ ಹಾಕಿದೆ. ಪ್ರಾಜೆಕ್ಟನ್ನೇ ಅಳಿಸಿ ಮೊದಲಿಂದ ಮಾಡ್ಲಾ? ನನಗೆ ಇದೆಲ್ಲ ಬರೋದಿಲ್ಲ ಅನ್ಸತ್ತೆ" ಎಂದಳು.

ಅವಳಿಗೆ ನಾನು ಹೇಳಿದ್ದೇನು ಎಂಬುದನ್ನು ಕೊನೆಯಲ್ಲಿ ತಿಳಿಸುತ್ತೇನೆ. ಅದಕ್ಕೂ ಮೊದಲು, ಕೇಬಲ್ ಎಂಬ ಸಾಮಾನ್ಯ ವಸ್ತು ಸದ್ದಿಲ್ಲದೆ ಏನೇನು ಮಾಡುತ್ತದೆ ಎಂಬುದನ್ನು ಗಮನಿಸಬೇಕು.

ತಂತಿ ಮಾಡುತ್ತಿದ್ದ ಮೂರು ಕೆಲಸಗಳು

ಕೇಬಲ್ ಎರಡು ಉಪಕರಣಗಳ ನಡುವೆ ದಾರಿಯಾಗುತ್ತದೆ. ಆ ದಾರಿಯಲ್ಲಿ ಬೇರೆ ಯಾರೂ ಬರುವುದಿಲ್ಲ. ಇದು ಮೊದಲ ಕೆಲಸ. ಎರಡನೆಯದಾಗಿ, ಆಚೆ ತುದಿಯಲ್ಲಿ ಇರುವುದು ಒಂದೇ ಉಪಕರಣವಾದ್ದರಿಂದ ವಿಳಾಸ ಹುಡುಕುವ ಪ್ರಮೇಯವೇ ಇಲ್ಲ. ಮೂರನೆಯದು ನಂಬಿಕೆ. ನಿಮ್ಮ ಫೋನನ್ನು ಕೈಯಲ್ಲಿ ಹಿಡಿದು ಕೇಬಲ್ ಚುಚ್ಚಿದವರು ನೀವೇ ಅಥವಾ ನಿಮ್ಮ ಎದುರಿಗಿರುವವರು ಎಂದು ಅದು ಬಹುಮಟ್ಟಿಗೆ ಖಾತರಿ ಕೊಡುತ್ತದೆ. ಕೇಬಲನ್ನು ತೆಗೆದಾಗ ಈ ಮೂರು ಕೆಲಸಗಳೂ ಮಾಯವಾಗುವುದಿಲ್ಲ. ಬೇರೆ ಯಾರಾದರೂ ಅವನ್ನು ಮಾಡಲೇಬೇಕು. ಕಳೆದ ಐವತ್ತು ವರ್ಷಗಳ ನಿಸ್ತಂತು ಜಾಲಗಳ ಚರಿತ್ರೆ ಎಂದರೆ ಬಹುಪಾಲು ಈ ಮೂರು ಕೆಲಸಗಳನ್ನು ಗಾಳಿಯಲ್ಲಿ ಮಾಡಲು ಕಲಿತ ಚರಿತ್ರೆ. ನಿಮ್ಮ ಫೋನು ಕಾಣಿಸದೆ ಹೋದಾಗ, ಆ ಮೂರರಲ್ಲಿ ಒಂದು ಎಲ್ಲೋ ನಿಂತಿದೆ ಎಂದರ್ಥ.

ಮೊದಲನೆಯದು: ದಾರಿ

1887-88ರಲ್ಲಿ ಜರ್ಮನಿಯ ಹೈನ್ರಿಕ್ ಹರ್ಟ್ಸ್ ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗಾಲಯದಲ್ಲಿ ಉತ್ಪಾದಿಸಿ ತೋರಿಸಿದರು. 1890ರ ದಶಕದ ನಡುವಿನಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಅಂಥ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿದರು. ಈ ಪ್ರಯೋಗಗಳಲ್ಲಿ ಮಾತನಾಡುವವರು ಒಬ್ಬರೇ. ಒಂದೇ ಗಾಳಿಯಲ್ಲಿ ಹಲವು ಯಂತ್ರಗಳು ಒಟ್ಟಿಗೆ ಮಾತನಾಡಬೇಕಾದರೆ ಏನು ಮಾಡುವುದು?

ಗಣಕಯಂತ್ರಗಳ ಮಟ್ಟಿಗೆ ಇದಕ್ಕೆ ಮೊದಲ ದೊಡ್ಡ ಉತ್ತರ ದೊರೆತದ್ದು ಹವಾಯಿ ದ್ವೀಪಗಳಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು 1971ರಲ್ಲಿ ಅಲೋಹಾನೆಟ್ ಎಂಬ ರೇಡಿಯೊ ಜಾಲವನ್ನು ಆರಂಭಿಸಿದರು. ಅದರ ನಿಯಮ ಬಹಳ ಸರಳ. ಹೇಳಬೇಕೆನಿಸಿದಾಗ ಹೇಳು. ಇನ್ನೊಬ್ಬರ ಮಾತಿಗೆ ಡಿಕ್ಕಿ ಹೊಡೆದು ಉತ್ತರ ಬಾರದಿದ್ದರೆ, ಮನಬಂದಷ್ಟು ಹೊತ್ತು ಕಾದು ಮತ್ತೆ ಹೇಳು. ಈ ಕ್ರಮದಲ್ಲಿ ಚಾನೆಲ್ಲಿನ ಸಾಮರ್ಥ್ಯದ ಸುಮಾರು ಶೇಕಡಾ 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ ಎಂದು ಲೆಕ್ಕ ತೋರಿಸಿತು. ಆದರೂ ದ್ವೀಪಗಳ ನಡುವೆ ಕೇಬಲ್ ಹಾಕದೆ ಕೆಲಸ ನಡೆಯಿತು. "ಮೊದಲು ಕೇಳಿಸಿಕೋ, ಆಮೇಲೆ ಮಾತನಾಡು" ಎಂಬ ಸುಧಾರಣೆ ಮುಂದೆ ಸೇರಿತು.

1985ರಲ್ಲಿ ಅಮೆರಿಕ ಕೆಲವು ಆವರ್ತಾಂಕ ಪಟ್ಟಿಗಳನ್ನು ಪರವಾನಗಿ ಇಲ್ಲದ ಬಳಕೆಗೆ ತೆರೆಯಿತು. ಅವುಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯೂ ಒಂದು. 1997ರಲ್ಲಿ ವೈಫೈಯ ಮೂಲವಾದ 802.11 ಎಂಬ ಮಾನಕ ಬಂದಾಗ ಅದರ ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರಲ್ಲಿ ಅದು 11 ಮೆಗಾಬಿಟ್‌ಗೆ ಏರಿತು. ನಮ್ಮ ದೇಶದಲ್ಲಿ 2005ರ ನಿಯಮಗಳು 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟವು. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಬಳಕೆಯೂ ವಿಸ್ತಾರವಾಯಿತು.

ಪರವಾನಗಿ ಬೇಡದ ದಾರಿಯಲ್ಲಿ ಜನಸಂದಣಿ ಸಹಜ. ಅದೇ 2.4 ಗಿಗಾಹರ್ಟ್ಸಿನಲ್ಲಿ ಬ್ಲೂಟೂತ್ ಇದೆ, ಅಕ್ಕಪಕ್ಕದ ಮನೆಗಳ ವೈಫೈಗಳಿವೆ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇದೆ. ಸಂಪರ್ಕ ಬಂದು ಬಂದು ಹೋಗುತ್ತಿದ್ದರೆ, 5 ಗಿಗಾಹರ್ಟ್ಸಿಗೆ ಬದಲಿಸಿ ನೋಡುವುದು ಇದೇ ಕಾರಣಕ್ಕೆ.

ಆದರೆ ನಮ್ಮ ವಿದ್ಯಾರ್ಥಿಗಳನ್ನು ಹೆಚ್ಚು ಕಾಡುವುದು ಈ ಸಂದಣಿಯಲ್ಲ, ಇನ್ನೊಂದು ತಡೆ.

ಒಂದೇ ಛಾವಣಿ, ನಡುವೆ ಗೋಡೆ

2003ರ ಆಗಸ್ಟ್ ತಿಂಗಳಲ್ಲಿ ಬ್ಲಾಸ್ಟರ್ ಎಂಬ ಕಿಡಿಗೇಡಿ ಪ್ರೋಗ್ರಾಂ ಜಗತ್ತಿನಾದ್ಯಂತ ವಿಂಡೋಸ್ ಗಣಕಯಂತ್ರಗಳಿಗೆ ಹರಡಿತು. ಅದಕ್ಕೆ ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ; ಜಾಲದಲ್ಲಿದ್ದ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ದಾಟುತ್ತಿತ್ತು. ಒಂದೇ ಜಾಲದಲ್ಲಿರುವವರೆಲ್ಲ ಮಿತ್ರರು ಎಂಬ ಹಳೆಯ ಭಾವನೆಗೆ ಇಂಥ ಘಟನೆಗಳು ಪೆಟ್ಟು ಕೊಟ್ಟವು. 2004ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್, ಒಳಬರುವ ಸಂಪರ್ಕಗಳನ್ನು ತಡೆಯುವ ಫೈರ್‌ವಾಲನ್ನು ತಾನಾಗಿಯೇ ಚಾಲೂ ಮಾಡಿತು.

ಹಾಸ್ಟೆಲ್, ಕಾಲೇಜು, ಹೋಟೆಲುಗಳ ವೈಫೈಯಲ್ಲೂ ಇದೇ ಎಚ್ಚರಿಕೆ ಇರುತ್ತದೆ. ಅಲ್ಲಿ ಪ್ರತಿ ಉಪಕರಣವೂ ಇಂಟರ್‌ನೆಟ್ಟಿಗೆ ಹೋಗಬಹುದು. ಆದರೆ ಪಕ್ಕದ ಉಪಕರಣದೊಡನೆ ಮಾತನಾಡುವಂತಿಲ್ಲ. ಇದನ್ನು ಕ್ಲೈಂಟ್ ಐಸೊಲೇಷನ್ ಎನ್ನುತ್ತಾರೆ. ಲಾಡ್ಜಿನಲ್ಲಿ ಎಲ್ಲ ಕೋಣೆಗಳಿಗೂ ರಸ್ತೆಗೆ ಬಾಗಿಲಿದ್ದು, ಕೋಣೆಯಿಂದ ಕೋಣೆಗೆ ಬಾಗಿಲಿಲ್ಲದಂತೆ. ನೂರಾರು ಅಪರಿಚಿತರು ಸೇರುವ ಜಾಲದಲ್ಲಿ ಇದು ನ್ಯಾಯವಾದ ಏರ್ಪಾಡೇ. ಆದರೆ ನಿಮ್ಮ ಫೋನು ಮತ್ತು ಲ್ಯಾಪ್‌ಟಾಪ್ ಒಬ್ಬರದೇ ಎಂಬುದು ಆ ಏರ್ಪಾಡಿಗೆ ತಿಳಿಯದು. "ಎರಡೂ ಒಂದೇ ವೈಫೈನಲ್ಲಿವೆ, ಎರಡರಲ್ಲೂ ಯೂಟ್ಯೂಬ್ ಬರುತ್ತದೆ, ಆದರೂ ಕಾಣಿಸುತ್ತಿಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ದಾರಿ ತೆರೆದಿದೆಯೇ ಎಂದು ತಿಳಿಯಲು ಒಂದು ಹಳೆಯ ಉಪಕರಣವಿದೆ: ಪಿಂಗ್. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಜಾಲವೊಂದರ ತೊಂದರೆ ಹುಡುಕಲು ಇದನ್ನು ಬರೆದರು. ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚುವ ಸೋನಾರ್ ಯಂತ್ರದ ಸದ್ದೇ ಅದಕ್ಕೆ ಹೆಸರಾಯಿತು. ಲ್ಯಾಪ್‌ಟಾಪಿನಲ್ಲಿ ಪಿಂಗ್ ಎಂದು ಬರೆದು ಮುಂದೆ ಫೋನಿನ ಐಪಿ ವಿಳಾಸ ಕೊಡಿ. ಪ್ರತಿಧ್ವನಿ ಬಂದರೆ ದಾರಿ ಇದೆ. ಬಾರದಿದ್ದರೆ ತಡೆ ದಾರಿಯಲ್ಲೇ ಇರುವ ಸಂಭವ ಹೆಚ್ಚು. ಆಗ ಆಂಡ್ರಾಯ್ಡ್ ಸ್ಟುಡಿಯೊವನ್ನು ಎಷ್ಟು ಸಲ ಮರುಸ್ಥಾಪಿಸಿದರೂ ಪ್ರಯೋಜನವಿಲ್ಲ.

ಎರಡನೆಯದು: ವಿಳಾಸ

ದಾರಿಯಿದ್ದರೂ ಮನೆ ಗೊತ್ತಿರಬೇಕಲ್ಲ? 1981ರಲ್ಲಿ ರೂಪುಗೊಂಡ ಇಂಟರ್‌ನೆಟ್ ವಿಳಾಸ ಪದ್ಧತಿಯಲ್ಲಿ ಸುಮಾರು 430 ಕೋಟಿ ವಿಳಾಸಗಳಿಗೆ ಮಾತ್ರ ಅವಕಾಶವಿತ್ತು. ಅವು ಸಾಲವು ಎಂಬುದು ಬೇಗನೆ ತಿಳಿಯಿತು. 1996ರಲ್ಲಿ ಪ್ರಕಟವಾದ ನಿಯಮದಂತೆ, 192.168ರಿಂದ ಆರಂಭವಾಗುವಂಥ ಕೆಲವು ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಬಹುದು. ಅಲ್ಲದೆ 1993ರಿಂದ ರೂಢಿಗೆ ಬಂದ ಡಿಎಚ್‌ಸಿಪಿ ಎಂಬ ವ್ಯವಸ್ಥೆಯಲ್ಲಿ ವಿಳಾಸವನ್ನು ಸ್ವಂತಕ್ಕೆ ಕೊಡುವುದಿಲ್ಲ, ಒಂದು ಅವಧಿಗೆ ಬಾಡಿಗೆಗೆ ಕೊಡಲಾಗುತ್ತದೆ. ಅವಧಿ ಮುಗಿದರೆ ಅಥವಾ ರೂಟರ್ ಆರಿ ಹೊತ್ತಿದರೆ ಬೇರೆ ವಿಳಾಸ ಬರಬಹುದು. "ನಿನ್ನೆ ಸರಿಯಿತ್ತು, ಇವತ್ತಿಲ್ಲ" ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಹೀಗೆ ಬದಲಾಗುವ ವಿಳಾಸವನ್ನು ಪ್ರತಿಸಲ ಕೈಯಿಂದ ಬರೆಯುವುದು ಬೇಸರದ ಕೆಲಸ. ಯಂತ್ರಗಳೇ ಒಂದನ್ನೊಂದು ಹೆಸರು ಹಿಡಿದು ಕರೆಯಬಾರದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಸ್ಟುವರ್ಟ್ ಚೆಷೈರ್ ಮುಖ್ಯರು. ಆಪಲ್ ಸಂಸ್ಥೆ 2002ರಲ್ಲಿ ಈ ವಿದ್ಯೆಯನ್ನು ತನ್ನ ಗಣಕಯಂತ್ರಗಳಲ್ಲಿ ಅಳವಡಿಸಿತು; 2013ರಲ್ಲಿ ಅದು ಎಂಡಿಎನ್‌ಎಸ್ ಎಂಬ ಹೆಸರಿನಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಮದುವೆ ಮಂಟಪದಲ್ಲಿ ಒಬ್ಬರನ್ನು ಹುಡುಕಲು ಮೈಕಿನಲ್ಲಿ ಹೆಸರು ಕೂಗಿದಂತೆ, ಯಂತ್ರವೊಂದು ಇಡೀ ಜಾಲಕ್ಕೆ ಕೇಳುವಂತೆ ಕೂಗುತ್ತದೆ. ಸಂಬಂಧಪಟ್ಟ ಯಂತ್ರ "ನಾನಿದ್ದೇನೆ, ಇದು ನನ್ನ ವಿಳಾಸ" ಎನ್ನುತ್ತದೆ.

ಆಂಡ್ರಾಯ್ಡ್ ಸ್ಟುಡಿಯೊ ನಿಮ್ಮ ಫೋನನ್ನು ತಾನಾಗಿಯೇ ಪಟ್ಟಿಯಲ್ಲಿ ತೋರಿಸುವುದು ಈ ಕೂಗಿನಿಂದಲೇ. ತೊಂದರೆಯೂ ಇಲ್ಲೇ. ಎಲ್ಲರಿಗೂ ಕೂಗಿದ ಮಾತಿಗೆ ವೈಫೈಯಲ್ಲಿ "ತಲುಪಿತು" ಎಂಬ ರಸೀದಿ ಬರುವುದಿಲ್ಲ, ಕಳೆದುಹೋದರೆ ಕಳೆದೇಹೋಯಿತು. ಕೆಲವು ರೂಟರುಗಳು ಕೂಗನ್ನು ದಾಟಿಸುವುದೇ ಇಲ್ಲ. ಲ್ಯಾಪ್‌ಟಾಪಿನ ಫೈರ್‌ವಾಲ್ ಅದನ್ನು ಬಾಗಿಲಲ್ಲೇ ನಿಲ್ಲಿಸಬಹುದು. ವಿಪಿಎನ್ ಚಾಲೂ ಇದ್ದರೆ ಮಾತು ಬೇರೆಲ್ಲಿಗೋ ಹೋಗಬಹುದು. ಕ್ಯೂಆರ್ ಸಂಕೇತ ತೋರಿಸಿ ಜೋಡಿಸುವ ವಿಧಾನವೂ ಈ ಕೂಗನ್ನೇ ನಂಬಿಕೊಂಡಿದೆ. ಅದು ಸುತ್ತುತ್ತಲೇ ಇದ್ದರೆ ಕಾಯುತ್ತ ಕೂರಬೇಡಿ. ಫೋನಿನ ಪರದೆಯಲ್ಲಿ ಕಾಣುವ ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನು ಕೈಯಿಂದಲೇ ಬರೆಯಿರಿ. ಇಲ್ಲಿ ಒಂದು ಎಚ್ಚರಿಕೆ. ಜೋಡಿಸುವಾಗ, ಅಂದರೆ "ಎಡಿಬಿ ಪೇರ್" ಆದೇಶಕ್ಕೆ, ಕಾಣುವ ಪೋರ್ಟ್ ಸಂಖ್ಯೆಯೇ ಬೇರೆ. ಆಮೇಲೆ ಸಂಪರ್ಕಿಸುವ "ಎಡಿಬಿ ಕನೆಕ್ಟ್" ಆದೇಶಕ್ಕೆ ಬೇಕಾದ ಸಂಖ್ಯೆಯೇ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದು ಗಂಟೆಗಟ್ಟಲೆ ಕಳೆದವರು ಬಹಳ ಮಂದಿ.

ಮೂರನೆಯದು: ನಂಬಿಕೆ

ಎಡಿಬಿ ಎಂದರೆ ಆಂಡ್ರಾಯ್ಡ್ ಡಿಬಗ್ ಬ್ರಿಡ್ಜ್, ಅಂದರೆ ಪ್ರೋಗ್ರಾಮಿನ ದೋಷ ಹುಡುಕಲು ಗಣಕಯಂತ್ರದಿಂದ ಫೋನಿಗೆ ಕಟ್ಟಿದ ಸೇತುವೆ. ಈ ಸೇತುವೆಯ ಮೇಲೆ ಬಂದವರು ಆ್ಯಪ್ ಹಾಕಬಹುದು, ತೆಗೆಯಬಹುದು, ಕಡತಗಳನ್ನು ಓದಬಹುದು. ಮೊದಲ ಆಂಡ್ರಾಯ್ಡ್ ಫೋನು 2008ರಲ್ಲಿ ಬಂದಾಗ, ಕೇಬಲ್ ಚುಚ್ಚಿದವರನ್ನು ಸೇತುವೆ ನಂಬಿಬಿಡುತ್ತಿತ್ತು. 2013ರಲ್ಲಿ ಬಂದ ಆಂಡ್ರಾಯ್ಡ್ 4.2.2ರಿಂದ "ಈ ಗಣಕಯಂತ್ರಕ್ಕೆ ಅನುಮತಿ ಕೊಡಲೇ?" ಎಂದು ಫೋನು ಕೇಳತೊಡಗಿತು.

ವೈಫೈ ಮೂಲಕ ಬರಬೇಕಾದರೆ ಆಗ ಒಂದು ಸಲ ಕೇಬಲ್ ಚುಚ್ಚಿ, 5555 ಎಂಬ ಪೋರ್ಟನ್ನು ತೆರೆಯಬೇಕಾಗಿತ್ತು. ಫೋನನ್ನು ಆರಿಸಿ ಹಚ್ಚಿದರೆ ಸಾಮಾನ್ಯವಾಗಿ ಅದು ಮುಚ್ಚಿಹೋಗುತ್ತಿತ್ತು. ಆಂಡ್ರಾಯ್ಡ್ 10 ಮತ್ತು ಅದಕ್ಕಿಂತ ಹಳೆಯ ಫೋನುಗಳಲ್ಲಿ ಇಂದಿಗೂ ಕ್ರಮ ಇದೇ. ಆದರೆ ಕೆಲವು ಟಿವಿ ಪೆಟ್ಟಿಗೆಗಳೂ ಫೋನುಗಳೂ ಈ ಬಾಗಿಲನ್ನು ತೆರೆದಿಟ್ಟುಕೊಂಡೇ ಇಂಟರ್‌ನೆಟ್ಟಿಗೆ ಸೇರಿದ್ದವು. 2018ರ ಫೆಬ್ರವರಿಯಲ್ಲಿ ಚೀನಾದ 360 ನೆಟ್‌ಲ್ಯಾಬ್ ಸಂಶೋಧಕರು ಎಡಿಬಿ.ಮೈನರ್ ಎಂಬ ಕಿಡಿಗೇಡಿ ಪ್ರೋಗ್ರಾಮನ್ನು ಪತ್ತೆಹಚ್ಚಿದರು. ಅದು 5555 ತೆರೆದಿರುವ ಉಪಕರಣಗಳನ್ನು ಹುಡುಕಿ ಒಳನುಗ್ಗಿ, ಮೊನೆರೊ ಎಂಬ ಡಿಜಿಟಲ್ ಹಣವನ್ನು ಗಳಿಸಲು ಅವುಗಳನ್ನು ದುಡಿಸುತ್ತಿತ್ತು. ಸಾವಿರಾರು ಉಪಕರಣಗಳು ಹೀಗೆ ಸಿಕ್ಕಿಬಿದ್ದಿದ್ದವು. ಕೇಬಲ್ ಕೊಡುತ್ತಿದ್ದ ನಂಬಿಕೆಯನ್ನು ತೆಗೆದು, ಅದರ ಜಾಗದಲ್ಲಿ ಏನನ್ನೂ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

2017ರಲ್ಲಿ ಆಪಲ್ ತನ್ನ ಎಕ್ಸ್‌ಕೋಡ್ 9ರಲ್ಲಿ ನಿಸ್ತಂತು ಸೌಲಭ್ಯ ಕೊಟ್ಟಾಗ ಮೊದಲ ಭೇಟಿಯನ್ನು ಕೇಬಲ್ಲಿನಲ್ಲೇ ಇಟ್ಟುಕೊಂಡಿತು. 2020ರಲ್ಲಿ ಬಂದ ಆಂಡ್ರಾಯ್ಡ್ 11 ಕೇಬಲ್ಲನ್ನು ಪೂರ್ತಿ ಬಿಟ್ಟು, ಆರು ಅಂಕಿಗಳ ಜೋಡಣೆ ಸಂಕೇತವನ್ನು ತಂದಿತು. ಆರು ಅಂಕಿಗಳೆಂದರೆ ಹತ್ತು ಲಕ್ಷ ಸಾಧ್ಯತೆಗಳು. ಗಣಕಯಂತ್ರಕ್ಕೆ ಇದು ಕ್ಷಣದ ಲೆಕ್ಕ. ಹಾಗಿದ್ದರೂ ಇದು ಹೇಗೆ ಭದ್ರ? ಇದರ ಹಿಂದೆ ಸುಂದರವಾದ ಗಣಿತವಿದೆ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್, ಎಲ್ಲರೂ ಕೇಳುತ್ತಿರುವಾಗಲೇ ಇಬ್ಬರು ಗುಟ್ಟಿನ ಕೀಲಿಯೊಂದನ್ನು ರೂಪಿಸಿಕೊಳ್ಳುವ ವಿಧಾನ ತೋರಿಸಿದರು. 1992ರಲ್ಲಿ ಬೆಲೋವಿನ್ ಮತ್ತು ಮೆರಿಟ್, ಚಿಕ್ಕ ಸಂಕೇತಪದವೊಂದನ್ನು ಅದರೊಡನೆ ಬೆರೆಸುವ ಕ್ರಮ ಕಂಡುಹಿಡಿದರು. 2005ರಲ್ಲಿ ಅಬ್ದಲ್ಲಾ ಮತ್ತು ಪೊಯಿಂತ್‌ಶೆವಾಲ್ ರೂಪಿಸಿದ ಸ್ಪೇಕ್2 ಎಂಬ ವಿಧಾನವನ್ನೇ ಎಡಿಬಿ ಬಳಸುತ್ತದೆ. ಇದರಲ್ಲಿ ಕದ್ದು ಕೇಳಿದವರು ಮನೆಗೆ ಹೋಗಿ ಹತ್ತು ಲಕ್ಷ ಸಂಕೇತಗಳನ್ನು ಪರೀಕ್ಷಿಸಲಾಗದು. ಪ್ರತಿ ಊಹೆಗೂ ನಿಮ್ಮ ಫೋನಿನ ಎದುರಿಗೇ ಬರಬೇಕು. ನೀವು ಆ ಕಿಟಕಿಯನ್ನು ಮುಚ್ಚಿದೊಡನೆ ಸಂಕೇತ ಸತ್ತುಹೋಗುತ್ತದೆ.

ಈ ಭದ್ರತೆಯ ಬೆಲೆಯೇ ನಿಮಗೆ ದೋಷದಂತೆ ತೋರುವ ಕೆಲವು ನಡವಳಿಕೆಗಳು. ಬೇರೆ ವೈಫೈಗೆ ಹೋದರೆ ಫೋನು ವೈರ್‌ಲೆಸ್ ಡಿಬಗಿಂಗನ್ನು ಆರಿಸಿ, ಹೊಸದಾಗಿ ಒಪ್ಪಿಗೆ ಕೇಳುತ್ತದೆ. ಅದನ್ನು ಆರಿಸಿ ಹಚ್ಚಿದರೆ ಪೋರ್ಟ್ ಸಂಖ್ಯೆ ಬದಲಾಗುತ್ತದೆ. ಏಳು ದಿನ ಬಳಸದ ಗಣಕಯಂತ್ರದ ಅನುಮತಿಯನ್ನು ಫೋನು ಸಾಮಾನ್ಯವಾಗಿ ಹಿಂತೆಗೆದುಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿರುವ ಎಡಿಬಿ 2020ಕ್ಕಿಂತ ಹಿಂದಿನದಾದರೆ ಅದಕ್ಕೆ ಜೋಡಣೆ ಸಂಕೇತವೇ ಗೊತ್ತಿರುವುದಿಲ್ಲ. ಆಗ ಅದನ್ನು ನವೀಕರಿಸಬೇಕು.

ಎಲ್ಲಿ ಎಂಬುದು ಮೊದಲು, ಏಕೆ ಎಂಬುದು ಆಮೇಲೆ

ಪಿಯುಸಿಯಲ್ಲಿ ನೀವು ವೀಟ್‌ಸ್ಟನ್ ಸೇತುವೆಯನ್ನು ಓದಿದ್ದೀರಿ. ಅದೇ ತತ್ತ್ವದ ಮೇಲೆ ನಿಂತ ಮರ್ರೆ ಲೂಪ್ ಎಂಬ ಪರೀಕ್ಷೆಯಿಂದ, ನೆಲದಡಿ ಹೂತ ಕೇಬಲ್ಲಿನಲ್ಲಿ ದೋಷ ಎಷ್ಟು ದೂರದಲ್ಲಿದೆ ಎಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಿದ್ದರು. ಅವರು ಇಡೀ ರಸ್ತೆಯನ್ನು ಅಗೆಯುತ್ತಿರಲಿಲ್ಲ. ಮೊದಲು ಎಲ್ಲಿ ಎಂದು ಗೊತ್ತುಮಾಡಿಕೊಂಡು, ಅಲ್ಲಿ ಅಗೆದು, ಆಮೇಲೆ ಏಕೆ ಎಂದು ನೋಡುತ್ತಿದ್ದರು. ನಮ್ಮ ಹೊರಾಂಗಣ ಚಿತ್ರೀಕರಣದಲ್ಲೂ ಹಾಗೆಯೇ. ಕಾಲರ್ ಮೈಕಿನಲ್ಲಿ ಕರಕರ ಸದ್ದು ಬಂದರೆ, ನಮ್ಮ ಹಿರಿಯ ಧ್ವನಿಮುದ್ರಕರು ಮೊದಲು ತಂತಿಯ ಮೈಕ್ ಹಾಕಿ ಕೇಳುತ್ತಾರೆ. ಅದು ಸರಿಯಿದ್ದರೆ ರೆಕಾರ್ಡರನ್ನು ಯಾರೂ ಮುಟ್ಟುವಂತಿಲ್ಲ, ದೋಷ ಗಾಳಿಯಲ್ಲಿದೆ.

ಆ ರಾತ್ರಿ ಅಕ್ಕನ ಮಗಳಿಗೆ ನಾನು ಮೊದಲು ಹೇಳಿದ್ದು, "ಏನನ್ನೂ ಅಳಿಸಬೇಡ ಪುಟ್ಟಿ. ಕೇಳಿದ್ದಕ್ಕೆ ಉತ್ತರ ಕೊಡು" ಎಂದು. ಊರಿಗೆ ಬಂದಾಗ ಮನೆಯ ವೈಫೈಯಲ್ಲಿ ಓಡಿತ್ತೇ? ಓಡಿತ್ತು, ಮೂರು ದಿನದ ಹಿಂದೆ. ಹಾಗಾದರೆ ಪ್ರೋಗ್ರಾಂ ಸರಿ, ಫೋನು ಸರಿ, ಆಂಡ್ರಾಯ್ಡ್ ಸ್ಟುಡಿಯೊ ಸರಿ. ಫೋನಿನ ವಿಳಾಸಕ್ಕೆ ಪಿಂಗ್ ಮಾಡಿದರೆ? ಉತ್ತರವಿಲ್ಲ. ಹಾಗಾದರೆ ದಾರಿಯೇ ಇಲ್ಲ. ಹಾಸ್ಟೆಲಿನ ವೈಫೈಯಲ್ಲಿ ಕೋಣೆಯಿಂದ ಕೋಣೆಗೆ ಬಾಗಿಲಿಲ್ಲ.

"ಈಗ ನೀನು ಮಾತಾಡ್ತಿರೋ ಗೆಳತಿಯ ಫೋನಲ್ಲೇ ಹಾಟ್‌ಸ್ಪಾಟ್ ತೆರೆದು, ನಿನ್ನ ಫೋನು, ಲ್ಯಾಪ್‌ಟಾಪ್ ಎರಡನ್ನೂ ಅದಕ್ಕೆ ಸೇರಿಸು. ಆ್ಯಪ್ ಕಳಿಸೋಕೆ ಇಂಟರ್‌ನೆಟ್ ಬೇಕಿಲ್ಲ, ದಾರಿ ಇದ್ರೆ ಸಾಕು" ಎಂದೆ. ಹೊಸ ಜಾಲವಾದ್ದರಿಂದ ಅವಳ ಫೋನು ಮತ್ತೊಮ್ಮೆ ಒಪ್ಪಿಗೆ ಕೇಳಿತು. ವಿಳಾಸವನ್ನೂ ಪೋರ್ಟನ್ನೂ ಕೈಯಿಂದ ಬರೆದಳು. ಹತ್ತೂ ಮುಕ್ಕಾಲಿಗೆ "ಬಂತು ಮಾಮಾ" ಎಂದು ಸಂದೇಶ ಬಂತು. ಮರುದಿನ ಪರೀಕ್ಷಕರು ಒಂದು ಸಾಲು ಬದಲಿಸಲು ಹೇಳಿದರಂತೆ; ಬದಲಿಸಿ ಓಡಿಸಿ ತೋರಿಸಿದಳಂತೆ.

ಮಿತ್ರರೇ, ಅವಳು ಅಂದು ಅಳಿಸಲು ಹೊರಟಿದ್ದದ್ದು ನಾಲ್ಕು ತಿಂಗಳ, ಒಂದು ದೋಷವೂ ಇಲ್ಲದ ಕೆಲಸವನ್ನು. ಅದಕ್ಕಿಂತ ಹೆಚ್ಚಾಗಿ, "ನನಗೆ ಬರೋದಿಲ್ಲ" ಎಂಬ ತೀರ್ಮಾನಕ್ಕೆ ಬಂದಿದ್ದಳು. ಯಂತ್ರ ಹಟ ಹಿಡಿದಾಗ ನಮ್ಮನ್ನೇ ದೂಷಿಸಿಕೊಳ್ಳುವುದು ಸುಲಭ. ಆದರೆ ನಿಮ್ಮ ಮತ್ತು ನಿಮ್ಮ ಫೋನಿನ ನಡುವೆ ಹವಾಯಿಯ ಪ್ರಾಧ್ಯಾಪಕರಿಂದ ಹಿಡಿದು ಹಾಸ್ಟೆಲಿನ ರೂಟರ್ ಹೊಂದಿಸಿದವರವರೆಗೆ ಎಷ್ಟೋ ಜನರ ತೀರ್ಮಾನಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಕಾರಣವಿದೆ, ಪ್ರತಿಯೊಂದನ್ನೂ ಪರೀಕ್ಷಿಸುವ ಒಂದು ವಿಧಾನವಿದೆ. ಮುಂದಿನ ಸಲ ಫೋನು ಕಾಣಿಸದಿದ್ದರೆ ಒಂದು ಹಾಳೆಯ ಮೇಲೆ ದಾರಿ, ವಿಳಾಸ, ನಂಬಿಕೆ ಎಂದು ಮೂರು ಪದಗಳನ್ನು ಬರೆದುಕೊಳ್ಳಿ. ಒಂದೊಂದನ್ನೇ ಪರೀಕ್ಷಿಸಿ ಗುರುತು ಹಾಕುತ್ತ ಹೋಗಿ. ಮೂರಕ್ಕೂ ಗುರುತು ಬೀಳುವವರೆಗೆ ನಿಮ್ಮ ಪ್ರೋಗ್ರಾಮಿನ ಒಂದು ಸಾಲನ್ನೂ ಅಳಿಸಬೇಡಿ.